ಮಳೆ ಮೂಡಿಗೆರೆಯಲ್ಲಿ, ಮುಳುಗುವುದು ಹೊಳೆನರಸೀಪುರದಲ್ಲಿ!

ಆಷಾಢದ ಒಂದು ಸಂಜೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತು ನೋಡಿ. ಸಕಲೇಶಪುರದ ಕಡೆಯಿಂದ ಬಂದ ಬಸ್ಸಿನ ಟಾಪಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಇಳಿದವರ ಕೈಯಲ್ಲಿ ಒದ್ದೆ ಛತ್ರಿ, ತಲೆ ಮೇಲೆ ಟವಲು. ಪಕ್ಕದಲ್ಲೇ ಚನ್ನರಾಯಪಟ್ಟಣದಿಂದ ಬಂದ ಬಸ್ಸು ನಿಂತಿರುತ್ತದೆ. ಅದರ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು! ಎರಡೂ ಒಂದೇ ಜಿಲ್ಲೆಯ ಬಸ್ಸು. ಹೆಚ್ಚೆಂದರೆ ಎಂಬತ್ತು ಕಿಲೋಮೀಟರಿನ ಅಂತರ.

ಈ ಎರಡು ಬಸ್ಸು ನೋಡಿದವರಿಗೆ ನಮ್ಮ ಜಿಲ್ಲೆಯ ಪ್ರಕೃತಿ ವಿಕೋಪದ ಅರ್ಧ ಪಾಠ ಆದಂತೆಯೇ. ಉಳಿದರ್ಧ ಪಾಠ ಏನೆಂದರೆ, ಮೇಲಿನ ಊರಿನಲ್ಲಿ ಬಿದ್ದ ಮಳೆ ಅಲ್ಲೇ ನಿಲ್ಲುವುದಿಲ್ಲ. ಹೊಳೆ ಹಿಡಿದು ಇಳಿದು ಬಂದು, ಮಳೆಯನ್ನೇ ಕಾಣದ ಕೆಳಗಿನ ಊರಿನ ಬಾಗಿಲು ತಟ್ಟುತ್ತದೆ. ಅಂಗಡಿ ಬಾಗಿಲಲ್ಲಿ ನಿಂತು ಆಕಾಶ ನೋಡಿ "ಇವತ್ತೇನೂ ಭಯವಿಲ್ಲ" ಅಂದುಕೊಳ್ಳುವ ಕಾಲ ಇದಲ್ಲ ಸ್ವಾಮಿ!

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಈ ನಾಲ್ಕು ತಾಲ್ಲೂಕಿಗೆ ಯಾವ ಅಪಾಯ ಎಷ್ಟು? ಮೊದಲು ಯಾರಿಗೆ? ಎಷ್ಟು ಹೊತ್ತು ಮುಂಚೆ ತಿಳಿಯಬಹುದು? ಇದನ್ನೆಲ್ಲ ಲೆಕ್ಕ ಹಾಕಿ ಬರೆದಿಡಬೇಕು ಅಂತ ಕಾನೂನೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ಇರಬೇಕು. ಜಿಲ್ಲೆಯ ಯಾವ ಭಾಗಕ್ಕೆ ಯಾವ ವಿಪತ್ತಿನ ಭಯ ಎಂದು ತಿಳಿಸುವ ಯೋಜನೆಯೂ ಇರಬೇಕು. ಸರಿ. ಆದರೆ ಆ ಲೆಕ್ಕ ಕಚೇರಿಯ ಬೀರುವಿನಲ್ಲಿದ್ದರೆ ಹೊಳೆ ದಂಡೆಯ ಕಿರಾಣಿ ಅಂಗಡಿಯವನಿಗೆ ಏನು ಬಂತು? ಬನ್ನಿ, ನಮಗೆ ಗೊತ್ತಿರುವಷ್ಟನ್ನು ನಾವೇ ಒಂದೊಂದು ತಾಲ್ಲೂಕಾಗಿ ಲೆಕ್ಕ ಹಾಕೋಣ.

ಒಂದು ಜಿಲ್ಲೆ, ಎರಡು ಆಕಾಶ

ಪಡುವಣದ ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಮೂಡಣದ ಚನ್ನರಾಯಪಟ್ಟಣಕ್ಕೆ ಬರುವ ಹೊತ್ತಿಗೆ ಅದರ ಮೂರನೇ ಒಂದು ಪಾಲು ಉಳಿದರೆ ಹೆಚ್ಚು. ಘಟ್ಟದ ಅಂಚಿನಲ್ಲಿ ಮೋಡ ಹೊಟ್ಟೆ ಖಾಲಿ ಮಾಡಿಕೊಂಡು ಈ ಕಡೆ ಬರೀ ಗಾಳಿಯಾಗಿ ಬರುತ್ತದೆ. ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಮೂರೂ ಒಂದೇ ಜಿಲ್ಲೆಯೊಳಗೆ ಸೇರಿಕೊಂಡಿವೆ. ಹಾಗಾಗಿ ಇಲ್ಲಿ ಅತಿವೃಷ್ಟಿಯ ಅರ್ಜಿ, ಅನಾವೃಷ್ಟಿಯ ಅರ್ಜಿ ಎರಡೂ ಒಂದೇ ಕಚೇರಿಯ ಟಪಾಲಿಗೆ ಬೀಳುತ್ತವೆ.

ವರ್ಷದಿಂದ ವರ್ಷಕ್ಕೂ ಇದೇ ಕತೆ. 2022ರಲ್ಲಿ ದಕ್ಷಿಣ ಒಳನಾಡಿನಲ್ಲೆಲ್ಲ ವಾಡಿಕೆ ಮೀರಿ ಸುರಿಯಿತು. ಮರುವರ್ಷ 2023ರ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ಅದರ ಮರುವರ್ಷ 2024ರ ಜುಲೈನಲ್ಲಿ ಗೊರೂರು ಅಣೆಕಟ್ಟೆ ತುಂಬಿ ಗೇಟು ಎತ್ತಿದರು! ಮೂರು ವರ್ಷದಲ್ಲಿ ಮೂರು ಮುಖ. ಶೆಟ್ಟಿಹಳ್ಳಿಯ ಹಳೇ ಚರ್ಚು ಗೊತ್ತಲ್ಲ? ಹೇಮಾವತಿ ಹಿನ್ನೀರು ಏರಿದಾಗ ನೀರಲ್ಲಿ ನಿಲ್ಲುವ, ಇಳಿದಾಗ ಬಯಲಲ್ಲಿ ನಿಲ್ಲುವ ಆ ಗೋಡೆಗಳೇ ನಮ್ಮ ಜಿಲ್ಲೆಯ ಪಂಚಾಂಗ.

ಹೊಳೆನರಸೀಪುರ: ಹೇಳದೆ ಬರುವ ನೆಂಟ

ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆ. ಸಕಲೇಶಪುರ ದಾಟಿ, ಬೇಲೂರು ಕಡೆಯಿಂದ ಬರುವ ಯಗಚಿಯನ್ನು ಕೂಡಿಕೊಂಡು ಗೊರೂರಿನಲ್ಲಿ ನಿಲ್ಲುತ್ತಾಳೆ. 1979ರಲ್ಲಿ ಮುಗಿದ ಅಲ್ಲಿನ ಅಣೆಕಟ್ಟೆ ನಾಲ್ಕೂವರೆ ಕಿಲೋಮೀಟರಿಗೂ ಉದ್ದ. ತುಂಬಿದ ಮಟ್ಟ 2922 ಅಡಿ, ಹಿಡಿಸುವುದು 37.10 ಟಿಎಂಸಿ. ಅಲ್ಲಿಂದ ಕೆಳಗೆ ಹೊಳೆಯ ದಂಡೆಯ ಮೇಲೇ ಕೂತಿರುವ ದೊಡ್ಡ ಪಟ್ಟಣ ಹೊಳೆನರಸೀಪುರ. ಹೆಸರಲ್ಲೇ ಹೊಳೆ ಇದೆ!

"ಅಣೆಕಟ್ಟೆ ಕಟ್ಟಿದ ಮೇಲೆ ನೆರೆ ಭಯ ಎಲ್ಲಿಯದು?" ಎಂದು ಕೇಳುವವರುಂಟು. ಅರ್ಧ ನಿಜ. ಅಣೆಕಟ್ಟೆ ಖಾಲಿ ಇದ್ದಾಗ ಎಂಥ ನೆರೆ ಬಂದರೂ ನುಂಗಿಕೊಳ್ಳುತ್ತದೆ. ಆದರೆ ತುಂಬಿದ ಮೇಲೆ ನುಂಗಲು ಹೊಟ್ಟೆಯಲ್ಲಿ ಜಾಗವೆಲ್ಲಿ? ಮೇಲಿಂದ ಬಂದಷ್ಟನ್ನೂ ಕೆಳಕ್ಕೆ ದಾಟಿಸಬೇಕು. 2018ರಲ್ಲೂ 2024ರಲ್ಲೂ ಜುಲೈ ತಿಂಗಳಲ್ಲೇ ಗೊರೂರು ತುಂಬಿತು. ಅಂದರೆ ಪುಷ್ಯ, ಆಶ್ಲೇಷ ಮಳೆಗಳು ಇನ್ನೂ ಬಾಕಿ ಇರುವಾಗಲೇ ಮನೆ ಭರ್ತಿ! 2019ರ ಆಗಸ್ಟ್‌ನಲ್ಲಿ ಗೊರೂರಿನಿಂದ ಭಾರಿ ನೀರು ಬಿಟ್ಟಾಗ ಹೊಳೆನರಸೀಪುರದ ತಗ್ಗು ಬಡಾವಣೆಗಳಿಗೆ ಹೊಳೆ ನುಗ್ಗಿದ್ದನ್ನು ಅಲ್ಲಿನವರು ಮರೆತಿಲ್ಲ.

ಹಾಗಾದರೆ ಜಲಾಶಯವನ್ನು ಸ್ವಲ್ಪ ಖಾಲಿ ಇಟ್ಟುಕೊಳ್ಳಬಾರದೇ? ಇಟ್ಟುಕೊಂಡು ಆಶ್ಲೇಷ ಕೈಕೊಟ್ಟರೆ ಕಾಲುವೆ ರೈತ ಕೇಳುತ್ತಾನೆ, ಕುಡಿಯುವ ನೀರಿನವರು ಕೇಳುತ್ತಾರೆ. 2023ರಂಥ ವರ್ಷ ಬಂದರೆ ಆಗಲೇ ಬಿಟ್ಟ ನೀರಿನ ಲೆಕ್ಕ ಕೊಡುವವರು ಯಾರು? ಗೇಟಿನ ಚಕ್ರ ಹಿಡಿದ ಇಂಜಿನಿಯರಿಗೂ ಇದು ಇಕ್ಕಟ್ಟು. ಆದುದರಿಂದ ತುಂಬಿಸಬೇಡಿ ಎಂದು ನಾವು ಹೇಳುತ್ತಿಲ್ಲ. ತುಂಬಿದ ಮೇಲೆ ಬಿಡುವ ನೀರು ಯಾವ ಬೀದಿಗೆ ಬರುತ್ತದೆ ಎಂಬುದನ್ನು ಮೊದಲೇ ಹೇಳಿ ಎನ್ನುತ್ತಿದ್ದೇವೆ, ಅಷ್ಟೇ.

ಪತ್ರಿಕೆಯಲ್ಲಿ "ಇಷ್ಟು ಸಾವಿರ ಕ್ಯೂಸೆಕ್ ಹೊರಕ್ಕೆ" ಅಂತ ಓದುತ್ತೇವೆ. ಕ್ಯೂಸೆಕ್ ಅಂದರೇನು? ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರು, ಎರಡು ಕೊಡದಷ್ಟು ನೀರು. ಒಂದು ಲಕ್ಷ ಕ್ಯೂಸೆಕ್ ಬಿಟ್ಟರು ಅನ್ನಿ. ಹನ್ನೆರಡು ಸಾವಿರ ಲೀಟರಿನ ನೀರಿನ ಟ್ಯಾಂಕರು ಇರುತ್ತದಲ್ಲ, ಅಂಥ 235 ಟ್ಯಾಂಕರು ಪ್ರತಿ ಸೆಕೆಂಡಿಗೆ ಊರ ಪಕ್ಕ ಹಾದು ಹೋದ ಹಾಗೆ! ಒಂದು ದಿನ ಹಾಗೆ ಬಿಟ್ಟರೆ 8.64 ಟಿಎಂಸಿ. ಕೊಡಗಿನ ಹಾರಂಗಿ ಜಲಾಶಯ ಪೂರ್ತಿ ತುಂಬಿದರೂ ಹಿಡಿಸುವುದು 8.5. ಈ ನೀರು ಗೊರೂರಿನಿಂದ ಹೊಳೆನರಸೀಪುರಕ್ಕೆ ಬರಲು ಕೆಲವೇ ಗಂಟೆ ಸಾಕು. ಆ ಕೆಲವು ಗಂಟೆಯಲ್ಲಿ ಅಕ್ಕಿ ಮೂಟೆ, ಸಕ್ಕರೆ ಮೂಟೆ ಅಟ್ಟಕ್ಕೆ ಏರಿಸಿದವನು ಗೆದ್ದ. ಮಲಗಿದ್ದವನು ಬಿದ್ದ.

ಇನ್ನೊಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು, ದೊಡ್ಡ ಅನಾಹುತ ತಪ್ಪಿತು. ಗೊರೂರಿಗೆ ಹಾಗಾಗುತ್ತದೆ ಎಂದು ಹೆದರಿಸುವ ಉದ್ದೇಶ ನಮ್ಮದಲ್ಲ. ಅಣೆಕಟ್ಟೆಗಳಿಗೆ ತುರ್ತು ಕ್ರಿಯಾ ಯೋಜನೆ ಇರಬೇಕು ಎಂದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹೇಳುತ್ತದೆ. ಆ ಯೋಜನೆಯಲ್ಲಿ ತನ್ನ ಬೀದಿಯ ಹೆಸರಿದೆಯೇ ಎಂದು ಕೇಳುವ ಹಕ್ಕು ಕೆಳದಂಡೆಯ ಪ್ರತಿಯೊಬ್ಬನಿಗೂ ಉಂಟು.

ಅರಕಲಗೂಡು: ಕೊಡಗಿನ ಮಳೆ, ನಮ್ಮ ಹೊಳೆ

ಅರಕಲಗೂಡು ತಾಲ್ಲೂಕಿನ ಕತೆ ಇನ್ನೂ ಸೂಕ್ಷ್ಮ. ಅಲ್ಲಿಗೆ ಹೇಮಾವತಿಯ ಜೊತೆಗೆ ಕಾವೇರಿಯೂ ಇದ್ದಾಳೆ. ಭಾಗಮಂಡಲದ ಬೆಟ್ಟದಲ್ಲಿ ಬಿದ್ದ ಮಳೆ ಕುಶಾಲನಗರ ದಾಟಿ, ಕೂಡಿಗೆಯಲ್ಲಿ ಹಾರಂಗಿಯನ್ನು ಸೇರಿಸಿಕೊಂಡು ಕೋಣನೂರು, ರಾಮನಾಥಪುರದ ಕಡೆಗೆ ಬರುತ್ತದೆ. ಗಮನಿಸಿ: ಕೊಡಗಿನಲ್ಲಿ ಮುಖ್ಯ ಕಾವೇರಿಗೆ ಅಡ್ಡಲಾಗಿ ದೊಡ್ಡ ಜಲಾಶಯವೇ ಇಲ್ಲ. ಹಾರಂಗಿ ಚಿಕ್ಕದು, ಜೋರು ಮಳೆಗೆ ಬೇಗ ತುಂಬುತ್ತದೆ. ಹಾಗಾಗಿ ಬೆಟ್ಟದಲ್ಲಿ ಸುರಿದದ್ದು ತಡೆಯಿಲ್ಲದೆ ರಾಮನಾಥಪುರದ ಸೋಪಾನ ಏರುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಊರಿಗೆ ಊರೇ ಹೊರಟುಬಂದಾಗ ರಾಮನಾಥಪುರದ ತೀರದ ಬೀದಿಗಳಿಗೆ ಕಾವೇರಿ ನುಗ್ಗಿದಳು. 2019ರ ಆಗಸ್ಟ್‌ನಲ್ಲಿ ಮತ್ತೆ ಅದೇ ಪಾಡು. ರಾಮೇಶ್ವರನ ಗುಡಿ, ವಹ್ನಿಪುಷ್ಕರಿಣಿಯ ಮೀನು ನೋಡಲು ಬರುವ ಯಾತ್ರಿಕರಿಗೆ ಹೊಳೆ ಚೆಂದ. ದಂಡೆಯ ಮನೆಯವರಿಗೆ ಮಾತ್ರ ಆಶ್ಲೇಷದಲ್ಲಿ ನಿದ್ದೆಯಿಲ್ಲ. 1924ರ ಜುಲೈನ ಕಾವೇರಿ ಪ್ರವಾಹವನ್ನು ಹಳಬರು ಕತೆಯಾಗಿ ಹೇಳುತ್ತಿದ್ದರು. ನೂರು ವರ್ಷಕ್ಕೊಮ್ಮೆ ಬರುವಂಥದು ಎಂದು ಅದನ್ನು ಮರೆತೆವು. ಎರಡು ಆಗಸ್ಟ್ ಒಂದರ ಹಿಂದೊಂದು ಬಂದು ಆ ಲೆಕ್ಕ ಕೆಡಿಸಿದವು.

ಹೊಳೆ ಮುಟ್ಟದ ಊರಿಗೂ ಅಲ್ಲಿ ನಷ್ಟ ತಪ್ಪಿದ್ದಲ್ಲ. ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ, ಸುತ್ತ ಶುಂಠಿ ಬೆಳೆ ಇದೆ. ನೀರು ನಿಂತರೆ ಶುಂಠಿಗೆ ಕೊಳೆರೋಗ. ಅತಿ ಮಳೆಗೆ ತಂಬಾಕಿನ ಎಲೆ ಸೊರಗುತ್ತದೆ. ಎಲೆ ಸೊರಗಿದರೆ ಹರಾಜಿನಲ್ಲಿ ಬೆಲೆ ಇಲ್ಲ. ಬೆಲೆ ಇಲ್ಲದಿದ್ದರೆ ಗೊಬ್ಬರದಂಗಡಿಯ, ಬಟ್ಟೆ ಅಂಗಡಿಯ ಕಡದ ಪುಸ್ತಕ ಮುಚ್ಚುವುದಿಲ್ಲ. ಹೊಳೆಯ ನೀರು ಅಂಗಡಿ ಮುಟ್ಟದೇ ಇರಬಹುದು, ಹೊಳೆಯ ನಷ್ಟ ಮುಟ್ಟದೆ ಬಿಡುವುದಿಲ್ಲ.

ಚನ್ನರಾಯಪಟ್ಟಣ: ಬರವೂ ಉಂಟು, ಏರಿಯೂ ಉಂಟು

ಇಲ್ಲಿ ಶತ್ರು ಸದ್ದು ಮಾಡುವುದಿಲ್ಲ. ನೆರೆ ಒಂದು ರಾತ್ರಿಯಲ್ಲಿ ಬಂದು ಹೋಗುತ್ತದೆ, ಬರ ತಿಂಗಳುಗಟ್ಟಲೆ ಮನೆಯಲ್ಲಿ ಕೂರುತ್ತದೆ. 1876-78ರ ಧಾತು ಈಶ್ವರ ಸಂವತ್ಸರದ ಬರವನ್ನು ನೆನೆಯಿರಿ. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು! ಯಾವ ನೆರೆಯೂ, ಯಾವ ಭೂಕಂಪವೂ ಈ ನಾಡಿನಲ್ಲಿ ಅಷ್ಟು ಜನರನ್ನು ತಿಂದದ್ದಿಲ್ಲ.

ಈಗ ಹಸಿವಿನಿಂದ ಸಾಯುವ ಬರವಲ್ಲ, ನಿಜ. ಪಡಿತರ ಇದೆ, ರಸ್ತೆ ಇದೆ. ಈಗಿನದು ಬೋರ್‌ವೆಲ್ ಬತ್ತುವ ಬರ, ತೆಂಗು ಒಣಗುವ ಬರ. ರಾಗಿ ಹೋದರೆ ಮುಂದಿನ ವರ್ಷ ಬಿತ್ತಬಹುದು. ತೆಂಗಿನ ಸುಳಿ ಒಣಗಿದರೆ? ಹೊಸ ಸಸಿ ನೆಟ್ಟು ಕಾಯಿ ಕಾಣಲು ಆರೇಳು ವರ್ಷ ಬೇಕು. ತೋಟ ಹೋದವನು ಆರು ವರ್ಷ ಅಂಗಡಿಗೆ ಗಿರಾಕಿಯೂ ಅಲ್ಲ. ಹೇಮಾವತಿ ಕಾಲುವೆ ತಾಲ್ಲೂಕಿನಲ್ಲೇ ಹಾದು, ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿನ ಕಡೆಗೂ ಹೋಗುತ್ತದೆ. ಕಾಲುವೆಯ ಮಗ್ಗುಲ ಊರಿನಲ್ಲಿ ಹಸಿರು, ಒಂದೆರಡು ದಿಣ್ಣೆ ದಾಟಿದರೆ ಟ್ಯಾಂಕರಿನ ಸಾಲು. ಹಾಗಾಗಿ "ತಾಲ್ಲೂಕಿಗೆ ಬರ" ಎಂಬ ಒಂದೇ ಮಾತಿನಲ್ಲಿ ಅಪಾಯ ಅಳೆಯಲು ಬರುವುದಿಲ್ಲ. ಊರೂರು ಬೇರೆ.

ಇಷ್ಟು ಹೇಳಿ ಬಿಟ್ಟರೆ ಅರ್ಧ ಹೇಳಿದಂತೆ. ಬರದ ತಾಲ್ಲೂಕಿಗೆ ನೀರಿನ ಭಯವೂ ಇದೆ! ಹೇಗೆ ಅಂತೀರಾ? ಇಲ್ಲಿಯ ಹಳೆಯ ಕೆರೆಗಳು ಸರಪಣಿಯ ಕೆರೆಗಳು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ. ಹಲವು ವರ್ಷ ಒಣಗಿ ನಿಂತ ಏರಿಯಲ್ಲಿ ಬಿರುಕು ಬಿಡುತ್ತದೆ. ಇಲಿ, ಹೆಗ್ಗಣ ಬಿಲ ತೋಡುತ್ತವೆ. ಜಾಲಿ ಬೆಳೆದು ಬೇರು ಇಳಿಯುತ್ತದೆ. ಕೋಡಿಯಲ್ಲಿ ಹೂಳು, ಕಾಲುವೆಯ ಮೇಲೆ ಯಾರದೋ ಕಣ. ಅಂಥ ಕೆರೆಗೆ ಚಿತ್ತೆ, ಸ್ವಾತಿ ಮಳೆಯಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಒಂದೇ ರಾತ್ರಿ ನೀರು ಸುರಿದರೆ? ಮೇಲಿನ ಏರಿ ಹೋದರೆ ಕೆಳಗಿನದು ತಾಳುವುದಿಲ್ಲ. ಏತ ನೀರಾವರಿಯಿಂದ ಕೆರೆ ತುಂಬಿಸುವ ಯೋಜನೆಗಳು ಬಂದಿರುವುದು ಒಳ್ಳೆಯದೇ. ಆದರೆ ನೀರು ತುಂಬಿಸುವ ಮೊದಲು ಏರಿ ನೋಡಬೇಕು, ತೂಬು ನೋಡಬೇಕು, ಕೋಡಿ ನೋಡಬೇಕು. ಹಿಂದೆ ನೀರಗಂಟಿ ಎಂಬೊಬ್ಬ ಇದ್ದ, ಗುದ್ದಲಿ ಹಿಡಿದು ಏರಿ ಸುತ್ತುತ್ತಿದ್ದ. ಈಗ ಆ ಕೆಲಸ ಯಾರದು?

2022ರ ಮಳೆಗಾಲದಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲಿನ ಹಳೆಯ ಕೋಟೆಗೋಡೆಯ ಒಂದು ಭಾಗ ಮಳೆಗೆ ಕುಸಿಯಿತು. ಶತಮಾನಗಳ ಗೋಡೆಗೇ ಹಾಗಾದರೆ ಮಣ್ಣಿನ ಏರಿಯ ಪಾಡೇನು?

ಹಾಸನ: ಹೊಳೆಯಿಲ್ಲದ ಊರಿನ ನೆರೆ

ಹಾಸನ ಪಟ್ಟಣದ ಪಕ್ಕ ಹೊಳೆ ಇಲ್ಲ. ಆದರೆ ಕೆರೆಗಳಿದ್ದವು, ಇವೆ: ಹುಣಸಿನಕೆರೆ, ಸತ್ಯಮಂಗಲ ಕೆರೆ, ಹೊಸ ಬಸ್ ಸ್ಟ್ಯಾಂಡಿನ ಬಳಿಯ ಚನ್ನಪಟ್ಟಣ ಕೆರೆ. ಒಂದು ಕಾಲದಲ್ಲಿ ಮಳೆನೀರು ಗದ್ದೆಗೆ, ಗದ್ದೆಯಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗೆ ಹೋಗುತ್ತಿತ್ತು. ಈಗ ಗದ್ದೆ ಇದ್ದ ಜಾಗದಲ್ಲಿ ಬಡಾವಣೆ, ಸಿಮೆಂಟು ರಸ್ತೆ. ಬಿದ್ದ ನೀರಿಗೆ ಇಂಗಲು ಜಾಗವಿಲ್ಲ, ಚರಂಡಿ ಹಿಡಿದು ಓಡಬೇಕು. ಚರಂಡಿಯಲ್ಲಿ ಪ್ಲಾಸ್ಟಿಕ್ಕು! ಮೇ ತಿಂಗಳಲ್ಲಿ ಒಂದು ಗಂಟೆ ಆಲಿಕಲ್ಲು ಮಳೆ ಹೊಡೆದರೆ ತಗ್ಗಿನ ಅಂಗಡಿಯ ಶಟರಿನ ಕೆಳಗೆ ನೀರು ಬರುವುದು ಅದಕ್ಕೇ. ಈ ನೆರೆ ದೇವರು ಕೊಟ್ಟದ್ದಲ್ಲ, ನಾವೇ ಕಟ್ಟಿಕೊಂಡದ್ದು.

ಹಾಸನ ತಾಲ್ಲೂಕಿನ ಇನ್ನೊಂದು ಪೆಟ್ಟು ಆಲೂಗೆಡ್ಡೆಯದು. ಜಲಂಧರದ ಬಿತ್ತನೆ ಗೆಡ್ಡೆ ತಂದು ಮುಂಗಾರಿಗೆ ಹಾಕುತ್ತಾರೆ. ಬಿಸಿಲು ಕಾಣದೆ ಜಿಟಿಜಿಟಿ ಮಳೆ, ತಂಪು ಹಿಡಿದರೆ ಅಂಗಮಾರಿ ರೋಗ. ಹಸಿರಾಗಿದ್ದ ಹೊಲ ಕೆಲವೇ ದಿನದಲ್ಲಿ ಕಪ್ಪು. ಹೊಳೆ ಉಕ್ಕಲಿಲ್ಲ, ಗುಡ್ಡ ಬೀಳಲಿಲ್ಲ, ಯಾವ ಮಂತ್ರಿಯೂ ಬಂದು ನೋಡಲಿಲ್ಲ. ಆದರೂ ಸಾವಿರಾರು ಮನೆಯ ವರ್ಷದ ಆದಾಯ ಹೋಯಿತು. ಇದೂ ಪ್ರಕೃತಿ ವಿಕೋಪವೇ ಅಲ್ಲವೇ?

ಮತ್ತೆ ಶಿರಾಡಿ. 2018ರ ಆಗಸ್ಟ್‌ನಲ್ಲಿ ಘಾಟಿಯ ರಸ್ತೆಯೂ ರೈಲು ದಾರಿಯೂ ಕುಸಿತಕ್ಕೆ ಸಿಕ್ಕವು. 2024ರ ಜುಲೈನಲ್ಲಿ ಯಡಕುಮರಿ-ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗೆ ಮಣ್ಣು ಜಾರಿತು, ಹೆದ್ದಾರಿಯಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಇಳಿಯಿತು. ಸಕಲೇಶಪುರದಾಚೆಯ ಸುದ್ದಿ ನಮಗೇಕೆ ಅನ್ನಬೇಡಿ. ಘಾಟಿ ಮುಚ್ಚಿದ ದಿನ ಮಂಗಳೂರಿನ ಮೀನೂ ಇಲ್ಲ, ಅಲ್ಲಿಂದ ಬರಬೇಕಾದ ಸರಕೂ ಇಲ್ಲ. ಹಾಸನದ ಸ್ಟ್ಯಾಂಡಿನಲ್ಲಿ ಪ್ರಯಾಣಿಕರು ಗಂಟು ಮೂಟೆ ಹಿಡಿದು ಕೂರುವುದೊಂದೇ ಗತಿ.

ಬೆಳಗಿನ ಜಾವ ಪಾತ್ರೆ ಅಲುಗಿದಾಗ

2022ರ ಜೂನ್ 23. ಬೆಳಗಿನ ಜಾವ 4 ಗಂಟೆ 37 ನಿಮಿಷ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಭೂಮಿ ನಡುಗಿತು. ರಿಕ್ಟರ್ ಮಾಪಕದಲ್ಲಿ 3.4. ಕೇಂದ್ರ ಆ ತಾಲ್ಲೂಕಿನಲ್ಲೇ. ಅರಕಲಗೂಡಿನ ಕಡೆಯೂ, ಕೊಡಗಿನ ಅಂಚಿನಲ್ಲೂ ಜನ ಹೊರಗೆ ಓಡಿಬಂದರು. ದಿನ ಕಳೆಯುವಷ್ಟರಲ್ಲಿ ಕೊಡಗು-ದಕ್ಷಿಣ ಕನ್ನಡ ಗಡಿಯಲ್ಲೂ ಕಂಪನಗಳಾದವು.

3.4 ಅಂದರೆ ಪಾತ್ರೆ ಅಲುಗುವ, ಕಿಟಕಿ ಗಡಗಡ ಅನ್ನುವಷ್ಟು. ಮನೆ ಬೀಳಿಸುವಂಥದ್ದಲ್ಲ. 2002ರ ಭೂಕಂಪ ವಲಯದ ನಕ್ಷೆಯಲ್ಲಿ ನಮ್ಮ ಜಿಲ್ಲೆ ಎರಡನೇ ವಲಯ, ಅಂದರೆ ಅತಿ ಕಡಿಮೆ ಅಪಾಯದ್ದು. ಹೆದರಿ ಅಂಗಳದಲ್ಲಿ ಮಲಗಬೇಕಾಗಿಲ್ಲ. ಆದರೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲಾರಿಯಲ್ಲಿ ಆದದ್ದು ನೆನಪಿರಲಿ. ಆ ಪ್ರದೇಶವೂ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ್ದೇ ಆಗಿತ್ತು. ಮಣ್ಣು ಮೆತ್ತಿ ಕಟ್ಟಿದ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದು ಸತ್ತವರು ಹತ್ತು ಸಾವಿರದ ಸಮೀಪ. ನಮ್ಮ ಹಳ್ಳಿಗಳಲ್ಲೂ ಅಂಥ ಹಳೆಯ ಗೋಡೆಗಳು ಬೇಕಾದಷ್ಟಿವೆ. ಅವು ಮಳೆಗೂ ಬೀಳುತ್ತವೆ. ಗೋಡೆ ಭದ್ರ ಮಾಡಿಕೊಂಡರೆ ಎರಡೂ ಭಯ ಒಟ್ಟಿಗೆ ಕಡಿಮೆ.

ಸಿಡಿಲಿಗೆ ತಾಲ್ಲೂಕಿನ ಗಡಿ ಇಲ್ಲ

ಅಶ್ವಿನಿ, ಭರಣಿ ಮಳೆಯಲ್ಲಿ ಸಂಜೆ ನಾಲ್ಕರ ಮೇಲೆ ಮೋಡ ಕಟ್ಟಿತೆಂದರೆ ಎಚ್ಚರ. ಹೊಲದಲ್ಲಿರುವವರು, ಕುರಿ ಕಾಯುವವರು, ತೆಂಗಿನ ಮರದಡಿ ನಿಂತವರು ಇದಕ್ಕೆ ಮೊದಲ ಬಲಿ. ಒಂದು ಸುಲಭ ಲೆಕ್ಕ ಇದೆ. ಮಿಂಚಿದ ಮೇಲೆ ಒಂದು, ಎರಡು, ಮೂರು ಎಂದು ಸೆಕೆಂಡು ಎಣಿಸಿ. ಮೂರಕ್ಕೆ ಗುಡುಗಿದರೆ ಸಿಡಿಲು ಒಂದು ಕಿಲೋಮೀಟರಿನಲ್ಲಿದೆ. ಮೂವತ್ತರೊಳಗೆ ಗುಡುಗಿದರೆ ಒಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಹೊರಗೆ ಬರಬೇಡಿ. ಮರದಡಿಗಿಂತ ಬಸ್ಸಿನೊಳಗೆ ಕೂತವರು ಎಷ್ಟೋ ಪಾಲು ಸುರಕ್ಷಿತ, ಸುತ್ತಲ ತಗಡೇ ಸಿಡಿಲನ್ನು ನೆಲಕ್ಕೆ ಇಳಿಸುತ್ತದೆ. ಸಿಡಿಲಿನ ಮುನ್ಸೂಚನೆಗೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು 'ಸಿಡಿಲು' ಎಂಬ ಮೊಬೈಲ್ ಆ್ಯಪ್ ತಂದರು. ಮೊಬೈಲಿನಲ್ಲಿ ರೀಲು ನೋಡುವ ಹುಡುಗರು ಅದನ್ನೂ ಒಂದು ಹಾಕಿಕೊಳ್ಳಲಿ.

ಹಾಗಾದರೆ ಯಾವುದು ದೊಡ್ಡದು?

ಅಪಾಯ ಅಳೆಯಲು ಮೂರೇ ಪ್ರಶ್ನೆ ಸಾಕು. ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ? ಬಂದರೆ ದಾರಿಯಲ್ಲಿ ಯಾರಿದ್ದಾರೆ? ಬರುವುದು ಎಷ್ಟು ಮುಂಚೆ ಗೊತ್ತಾಗುತ್ತದೆ?

ಮೂರನ್ನೂ ಕೂಡಿಸಿದರೆ ಜಿಲ್ಲೆಯ ಬಯಲು ಭಾಗಕ್ಕೆ ಬರವೇ ಮೊದಲ ಶತ್ರು. ಮತ್ತೆ ಮತ್ತೆ ಬರುತ್ತದೆ, ಎಲ್ಲರನ್ನೂ ತಟ್ಟುತ್ತದೆ, ಆದರೆ ತಿಂಗಳ ಮುಂಚೆಯೇ ಗೊತ್ತಾಗುತ್ತದೆ. ಹೊಳೆನರಸೀಪುರ, ರಾಮನಾಥಪುರಗಳ ನೆರೆ ಎರಡನೆಯದು. ತಟ್ಟುವುದು ಕೆಲವೇ ಬೀದಿಗೆ, ಆದರೆ ಪೆಟ್ಟು ಜೋರು, ಸಮಯ ಗಂಟೆಗಳ ಲೆಕ್ಕದ್ದು. ಕೆರೆ ಏರಿಯದು ಮೂರನೆಯದು. ಎಂದೋ ಒಮ್ಮೆ, ಆದರೆ ಹೇಳದೆ ಕೇಳದೆ. ಸಿಡಿಲು ಪ್ರತಿ ವರ್ಷ ಒಬ್ಬಿಬ್ಬರನ್ನು ಹುಡುಕಿಕೊಂಡು ಬರುವಂಥದು. ಭೂಕಂಪ ಕೊನೆಯದು. ವಿಚಿತ್ರ ನೋಡಿ, ಹರಟೆ ಕಟ್ಟೆಯಲ್ಲಿ ಹೆಚ್ಚು ಮಾತು ಭೂಕಂಪದ ಬಗ್ಗೆ, ಕಡಿಮೆ ಮಾತು ಕೆರೆ ಏರಿಯ ಬಗ್ಗೆ!

ಪರಿಹಾರದ ಪಟ್ಟಿಯಲ್ಲಿ ಅಂಗಡಿ ಎಲ್ಲಿ?

ಅಂಗಡಿಯವರು ಗಮನವಿಟ್ಟು ಓದಬೇಕಾದ ಭಾಗ ಇದು. 2022ರಿಂದ 2026ರ ಅವಧಿಗೆ ಕೇಂದ್ರ ಗೊತ್ತುಮಾಡಿದ ಪರಿಹಾರದ ದರಪಟ್ಟಿಯಲ್ಲಿ ಜೀವ ಹೋದರೆ 4 ಲಕ್ಷ ರೂಪಾಯಿ. ಬಯಲು ಸೀಮೆಯಲ್ಲಿ ಮನೆ ಪೂರ್ತಿ ಬಿದ್ದರೆ 1.20 ಲಕ್ಷ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 22,500, ಅದೂ ಎರಡು ಹೆಕ್ಟೇರಿನ ತನಕ. 2019ರಲ್ಲಿ ರಾಜ್ಯ ಸರ್ಕಾರ ನೀರು ನುಗ್ಗಿದ ಮನೆಗೆ ತಕ್ಷಣಕ್ಕೆ 10,000 ಕೊಟ್ಟಿತ್ತು.

ಅಂಗಡಿಯಲ್ಲಿ ನೆನೆದ ಅಕ್ಕಿ, ಸಿಮೆಂಟು, ಬಟ್ಟೆಗೆ? ಆ ಕೇಂದ್ರದ ಪಟ್ಟಿಯಲ್ಲಿ ಅಂಥ ಬಾಬ್ತೇ ಇಲ್ಲ! ಮನೆಗೆ ಮನೆಯ ಲೆಕ್ಕ, ಹೊಲಕ್ಕೆ ಹೊಲದ ಲೆಕ್ಕ, ಅಂಗಡಿಗೆ ಮಾತ್ರ "ಅಯ್ಯೋ ಪಾಪ". ಉಳಿದ ದಾರಿ ವಿಮೆ. 2021ರಿಂದ ಸಣ್ಣ ವ್ಯಾಪಾರಿಗಳಿಗೆಂದೇ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಬಂದಿದೆ. ಬೆಂಕಿಯ ಜೊತೆಗೆ ನೆರೆ, ಬಿರುಗಾಳಿ, ಭೂಕಂಪವೂ ಅದರಲ್ಲಿ ಸೇರುತ್ತವೆ. ಬ್ಯಾಂಕಿನಲ್ಲಿ ಸಾಲ ಮಾಡಿ ಅಂಗಡಿ ಇಟ್ಟವರ ಖಾತೆಯಿಂದ ವಿಮೆಯ ಹಣ ಕಡಿತವಾಗುತ್ತಿರಬಹುದು. ಆ ಕಾಗದ ತೆಗೆದು ನೋಡಿ. ನೆರೆ ಸೇರಿದೆಯೇ? ಗೋಡೆಗೆ ಮಾತ್ರವೋ, ಒಳಗಿನ ಸರಕಿಗೂ ಉಂಟೋ? ಸರಕಿನ ಬೆಲೆ ಎಷ್ಟು ಬರೆದಿದ್ದಾರೆ? ನೀರು ಬಂದ ಮೇಲೆ ಓದಿದರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಒಂದು ಬೋರ್ಡು, ಒಂದು ಡಬ್ಬ ಪೇಂಟು

ಮಾಹಿತಿಗೆ ಬರವಿಲ್ಲ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಇವತ್ತು ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ದಿನಾ ಸಿಗುತ್ತದೆ. ಮೂಡಿಗೆರೆಯಲ್ಲಿ ರಾತ್ರಿ ಎಷ್ಟು ಸುರಿಯಿತು ಎಂಬುದು ಬೆಂಗಳೂರಿಗೆ ಗೊತ್ತು. ಹೊಳೆನರಸೀಪುರದ ಹೊಳೆಬೀದಿಗೆ ಗೊತ್ತಾಗಬೇಡವೇ?

ಆದುದರಿಂದ ನಮ್ಮ ಬೇಡಿಕೆ ಇಷ್ಟೇ. ಹೊಳೆನರಸೀಪುರ, ರಾಮನಾಥಪುರ, ಕೋಣನೂರಿನ ಬಸ್ ನಿಲ್ದಾಣದಲ್ಲಿ ಒಂದೊಂದು ಬೋರ್ಡು ಹಾಕಿ. ಮೊದಲ ಸಾಲಿನಲ್ಲಿ ಇವತ್ತಿನ ಹೊರಹರಿವು. ಎರಡನೇ ಸಾಲಿನಲ್ಲಿ ಎಷ್ಟು ಸಾವಿರ ಕ್ಯೂಸೆಕ್ ದಾಟಿದರೆ ಯಾವ ಬೀದಿಗೆ ನೀರು. ಮೂರನೇ ಸಾಲಿನಲ್ಲಿ ನೀರು ಬಂದರೆ ಎಲ್ಲಿಗೆ ಹೋಗಬೇಕು ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077. 2018, 2019ರಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಎಂಬುದನ್ನು ನೋಡಿದವರು ಇನ್ನೂ ಇದ್ದಾರೆ. ಅವರನ್ನು ಕರೆದುಕೊಂಡು ಹೋಗಿ ಲೈಟು ಕಂಬಗಳ ಮೇಲೆ ಕೆಂಪು ಪೇಂಟಿನಲ್ಲಿ ಗೆರೆ ಎಳೆಯಿರಿ. ಮನೆ ಕಟ್ಟುವವನು, ಅಂಗಡಿ ಬಾಡಿಗೆಗೆ ಹಿಡಿಯುವವನು ಆ ಗೆರೆ ನೋಡಿ ಕಟ್ಟಲಿ, ನೋಡಿ ಹಿಡಿಯಲಿ. ಚನ್ನರಾಯಪಟ್ಟಣದಲ್ಲಿ ಚಿತ್ತೆ ಮಳೆಗೆ ಮುಂಚೆ ಪಂಚಾಯಿತಿಯವರು ಒಂದು ದಿನ ಕೆರೆ ಏರಿ ಸುತ್ತಲಿ. ಹಾಸನದಲ್ಲಿ ಮಳೆಗಾಲಕ್ಕೆ ಮುಂಚೆ ಚರಂಡಿ ಎತ್ತಲಿ, ಮಳೆ ಬಂದ ಮೇಲಲ್ಲ.

ಇದಕ್ಕೆ ಕೋಟಿ ರೂಪಾಯಿ ಯೋಜನೆ ಬೇಕೇ? ಟೆಂಡರು ಬೇಕೇ? ಒಂದು ಬೋರ್ಡು, ಒಂದು ಡಬ್ಬ ಪೇಂಟು, ಬರೆಯುವ ಒಬ್ಬ ಮನುಷ್ಯ ಸಾಕು. ಮಳೆ ಎಲ್ಲಿ ಬೀಳಬೇಕು ಎಂಬುದು ನಮ್ಮ ಕೈಲಿಲ್ಲ. ಬಿದ್ದ ಸುದ್ದಿ ಹೊಳೆಗಿಂತ ಮುಂಚೆ ಊರಿಗೆ ತಲುಪುವಂತೆ ಮಾಡುವುದಂತೂ ನಮ್ಮ ಕೈಲಿದೆ.

ಸಂಬಂಧಪಟ್ಟವರು ಮುಂದಿನ ಆಶ್ಲೇಷದೊಳಗೆ ಕಣ್ಣು ತೆರೆಯುವರೇ?